ಹಿತ್ತಿಲ ಮೂಲೆಗೆ ವಸಂತ ಬರುವ ಬಗೆ

ಯುಗಾದಿಯ ಬೆಳಿಗ್ಗೆ ಬೇವಿನ ಹೂ ತರಲೆಂದು ಹಿತ್ತಿಲಿಗೆ ಹೋದವರು ಒಂದು ನಿಮಿಷ ಅಲ್ಲಿಯೇ ನಿಂತು ಸುತ್ತಲೂ ಕಣ್ಣು ಹಾಯಿಸಬೇಕು. ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಬಾವಿಯಿದ್ದರೆ ಅದರ ನೀರು ಒಂದೆರಡು ಆಳು ಕೆಳಕ್ಕಿಳಿದಿರುತ್ತದೆ. ಒಳ್ಳೆಯ ಮಳೆ ಬಿದ್ದು ನಾಲ್ಕು ತಿಂಗಳಾದರೂ ಆಗಿರುತ್ತದೆ; ಮುಂದಿನ ಮುಂಗಾರಿಗೆ ಇನ್ನೂ ಎರಡು ತಿಂಗಳು ಕಾಯಬೇಕು. ಹೀಗಿದ್ದರೂ ಬೇವು ಹೂ ತಳೆದು ನಿಂತಿದೆ; ಮಾವು ಹೂವಿನ ಕಾಲವನ್ನು ದಾಟಿ ಹೀಚು ಕಚ್ಚಿದೆ; ಹೊಂಗೆಯಂತೂ ಹಳೆಯ ಎಲೆಗಳನ್ನೆಲ್ಲ ಕೊಡವಿ, ಹೊಸ ತಳಿರನ್ನುಟ್ಟು, ಅದರ ಬೆನ್ನಿಗೇ ಹೂವನ್ನೂ ಬಿಟ್ಟು, ಬುಡದ ನೆಲದ ಮೇಲೆ ನಸುಗೆಂಪು ಬೆರೆತ ಬಿಳಿಯ ಹಾಸನ್ನು ಹಾಸಿದೆ. ನೀರು ತೀರ ಕಡಮೆಯಾಗಿರುವ ಹೊತ್ತಿನಲ್ಲಿ, ಬಿಸಿಲು ತೀರ ಹೆಚ್ಚಾಗುತ್ತಿರುವ ಹೊತ್ತಿನಲ್ಲಿ, ಈ ಮರಗಿಡಗಳಿಗೆ ಇಷ್ಟೊಂದು ಸಂಭ್ರಮ ಏತಕ್ಕೆ? ವಸಂತ ಬಂದಿತೆಂದು ಇವುಗಳಿಗೆ ಹೇಳಿದವರು ಯಾರು?

ಈ ಪ್ರಶ್ನೆ ನಮಗೆ ಮೊದಲು ತಟ್ಟಿದ್ದು ಶಾಸ್ತ್ರದ ಕುತೂಹಲದಿಂದಲ್ಲ; ನಮ್ಮ ಮನೆಯ ಹಿತ್ತಿಲಿನಲ್ಲಿದ್ದ ಒಂದು ಮಲ್ಲಿಗೆಯ ಗಿಡ ಹೂ ಬಿಡುವುದನ್ನು ನಿಲ್ಲಿಸಿತೆಂಬ ಕಾರಣದಿಂದ. ಆ ಕಥೆಯನ್ನು ಮುಂದೆ ಹೇಳುತ್ತೇವೆ. ಮೊದಲು ಪ್ರಶ್ನೆಯನ್ನೇ ತುಸು ಹತ್ತಿರದಿಂದ ನೋಡೋಣ.

ಚಳಿನಾಡುಗಳಲ್ಲಿ ವಸಂತವೆಂದರೆ ಸೆರೆಯಿಂದ ಬಿಡುಗಡೆ. ಹಿಮ ಕರಗುತ್ತದೆ, ನೆಲ ಬೆಚ್ಚಗಾಗುತ್ತದೆ, ಮಣ್ಣಿನೊಳಗಿನ ಗೆಡ್ಡೆಗಳು ಮೊಳೆಯುತ್ತವೆ. ಟ್ಯೂಲಿಪ್ ಗಿಡದ ಗೆಡ್ಡೆಗೆ ಹಲವು ವಾರಗಳ ಚಳಿ ತಗುಲದಿದ್ದರೆ ಅದು ಸರಿಯಾಗಿ ಹೂ ಬಿಡುವುದೇ ಇಲ್ಲ. ಶ್ರೀನಗರದಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ತೋಟ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಕಣ್ಣು ತುಂಬುವಂತೆ ಅರಳುವುದೂ, ಅದೇ ಗೆಡ್ಡೆಯನ್ನು ತಂದು ಮೈಸೂರಿನ ಹಿತ್ತಿಲಿನಲ್ಲಿ ನೆಟ್ಟು ವರ್ಷ ವರ್ಷವೂ ಹೂವನ್ನು ನಿರೀಕ್ಷಿಸಿದರೆ ನಿರಾಶೆಯಾಗುವುದೂ ಈ ಕಾರಣದಿಂದಲೇ. ನಮ್ಮ ಮೈಸೂರಿಗೆ ಅಂತಹ ಚಳಿಯೇ ಇಲ್ಲ. ಆದುದರಿಂದ ಬಿಡುಗಡೆಯ ಮಾತೂ ಇಲ್ಲಿ ಹೊಂದುವುದಿಲ್ಲ.

ಹಾಗಾದರೆ ಹಗಲಿನ ಅಳತೆಯೇ? ಇದು ವಿಚಾರಮಾಡತಕ್ಕ ಮಾತು. ಅಮೆರಿಕದ ಕೃಷಿ ಇಲಾಖೆಯಲ್ಲಿ ಕೆಲಸಮಾಡುತ್ತಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ಶಾಸ್ತ್ರಜ್ಞರು ಒಂದು ಬಗೆಯ ಹೊಗೆಸೊಪ್ಪಿನ ಗಿಡವನ್ನು ಕಂಡು ಬೆರಗಾದರು. ಬೇಸಿಗೆಯುದ್ದಕ್ಕೂ ಹೊಲದಲ್ಲಿ ಅದು ಆಳೆತ್ತರವನ್ನೂ ಮೀರಿ ಬೆಳೆಯುತ್ತಿತ್ತು; ಒಂದೇ ಒಂದು ಹೂವೂ ಇಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕದಾಗಿದ್ದಾಗಲೇ ಹೂ ಬಿಡುತ್ತಿತ್ತು. ಉಷ್ಣತೆ, ನೀರು, ಗೊಬ್ಬರ ಮುಂತಾದುವನ್ನೆಲ್ಲ ಪರೀಕ್ಷಿಸಿ ಕೈಸೋತ ಮೇಲೆ ಅವರು ಬೇಸಿಗೆಯ ಮಧ್ಯಾಹ್ನವೇ ಗಿಡಗಳನ್ನು ಕತ್ತಲೆಯ ಕೋಣೆಗೆ ಸಾಗಿಸಿ, ಅವುಗಳ ಪಾಲಿಗೆ ಹಗಲನ್ನು ಮೊಟಕುಮಾಡಿ ನೋಡಿದರು. ಗಿಡಗಳು ಹೂ ಬಿಟ್ಟವು! 1920ರಲ್ಲಿ ಪ್ರಕಟವಾದ ಈ ಶೋಧ ಸಸ್ಯಶಾಸ್ತ್ರದಲ್ಲಿ ಹೊಸದೊಂದು ಬಾಗಿಲನ್ನೇ ತೆರೆಯಿತು. ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು ಎಂಬುದು 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅವರ ಪ್ರಯೋಗದಿಂದ ತಿಳಿಯಿತು. ದೀರ್ಘವಾದ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಸಾಕು, ಗಿಡ ಲೆಕ್ಕ ತಪ್ಪುತ್ತಿತ್ತು. ನಮ್ಮ ಸೇವಂತಿಗೆಯೂ ಇಂತಹ ಇರುಳೆಣಿಸುವ ಗಿಡ. ಅದನ್ನು ಬೆಳೆಯುವವರು ರಾತ್ರಿ ಹೊಲದಲ್ಲಿ ಸಾಲುದೀಪಗಳನ್ನು ಉರಿಸಿ, ಹೂವನ್ನು ತಮಗೆ ಬೇಕಾದ ತಿಂಗಳಿಗೆ ಮುಂದೂಡುವುದನ್ನು ವಾಚಕರಲ್ಲಿ ಕೆಲವರು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಈ ಎಣಿಕೆಯನ್ನು ನಡೆಸುವ ವರ್ಣದ್ರವ್ಯವನ್ನು 1959ರಲ್ಲಿ ರೋಹಿತಮಾಪಕದ ನೆರವಿನಿಂದ ಪತ್ತೆಹಚ್ಚಿದರು. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರು. ಭೌತಶಾಸ್ತ್ರದ ಉಪಕರಣವೊಂದು ಸಸ್ಯಶಾಸ್ತ್ರದ ಗಂಟನ್ನು ಬಿಡಿಸಿತೆಂದು ನಮ್ಮಂತಹವರು ತುಸು ಹೆಮ್ಮೆಪಡಬಾರದೇಕೆ?

ಆದರೆ ಈ ಕೀಲಿಕೈಯನ್ನು ನಮ್ಮ ಬೀಗಕ್ಕೆ ಹಾಕುವ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು. ಲಂಡನ್ ನಗರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಹೆಚ್ಚುಕಡಮೆ ಒಂಬತ್ತು ಗಂಟೆಗಳ ಅಂತರವುಂಟು. ಮೈಸೂರಿನ ಅಕ್ಷಾಂಶ 12.3. ಇಲ್ಲಿ ಆ ಅಂತರ ಒಂದೂವರೆ ಗಂಟೆಯನ್ನು ಮುಟ್ಟುವುದಿಲ್ಲ. ಮಾರ್ಚ್ ತಿಂಗಳಲ್ಲಿ ಹಗಲು ಅತಿ ವೇಗವಾಗಿ ಬೆಳೆಯುತ್ತದಷ್ಟೆ. ಆಗಲೂ ಇಲ್ಲಿ ದಿನಕ್ಕೆ ಮುಕ್ಕಾಲು ನಿಮಿಷದಷ್ಟು ಮಾತ್ರ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಗುರುತಿಸಬಲ್ಲ ಮರಗಳೂ ಉಷ್ಣವಲಯದಲ್ಲಿ ಇವೆಯೆಂದು ತೋರುತ್ತದೆ. ಆದರೆ ಎಲ್ಲ ಮರಗಿಡಗಳೂ ಇದೊಂದನ್ನೇ ನಂಬಿ ಕುಳಿತಿಲ್ಲ. ಅವುಗಳಿಗೆ ಬೇರೊಂದು ಸೂಚನೆಯೂ ಸಿಕ್ಕುತ್ತದೆ. ಅದು ಬರುವುದು ಆಕಾಶದಿಂದಲ್ಲ, ಬೇರಿನಿಂದ.

ಮರದೊಳಗೆ ನೀರು ಹೇಗೆ ಹರಿಯುತ್ತದೆಂಬುದನ್ನು ನೆನೆಯಿರಿ. ಎಲೆಗಳ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ಆ ಎಳೆತದಿಂದ ಕಾಂಡದೊಳಗಿನ ನೀರಿನ ಎಳೆಗಳು ಬಿಗಿದ ತಂತಿಯಂತೆ ಮೇಲಕ್ಕೆ ಸೆಳೆಯಲ್ಪಡುತ್ತವೆ. ಮಾಘ ಫಾಲ್ಗುಣಗಳಲ್ಲಿ ಮೇಲ್ಮಣ್ಣು ಒಣಗಿ ಬರವು ಕಡಮೆಯಾದಾಗ ಖರ್ಚನ್ನು ತಗ್ಗಿಸದೆ ಉಪಾಯವಿಲ್ಲ. ಮರ ಎಲೆಗಳನ್ನು ಉದುರಿಸುತ್ತದೆ. ಎಲೆ ಹೋದೊಡನೆ ಆವಿಯಾಗಿ ಹೋಗುವ ನೀರು ಬಹುಪಾಲು ನಿಂತುಹೋಗುತ್ತದೆ. ಆಳದ ಬೇರುಗಳು ಎತ್ತಿಕೊಡುವ ಅಲ್ಪಸ್ವಲ್ಪ ನೀರು ಈಗ ಕಾಂಡದಲ್ಲಿಯೇ ಉಳಿದು ಅದನ್ನು ಮತ್ತೆ ತುಂಬುತ್ತದೆ. ಬತ್ತಿದ್ದ ಜೀವಕೋಶಗಳು ಉಬ್ಬುತ್ತವೆ. ಅದುವರೆಗೆ ಮಲಗಿದ್ದ ಮೊಗ್ಗುಗಳು ಏಳುತ್ತವೆ. ಹೊಂಗೆ, ಮುತ್ತುಗ, ಬೂರುಗಗಳು ಮಳೆಯ ಹನಿಯನ್ನೂ ಕಾಣದೆ ಚಿಗುರುವ, ಹೂ ಬಿಡುವ ರಹಸ್ಯದ ಮುಖ್ಯ ಭಾಗ ಇದೇ. ಎಲೆಯ ಮರೆಯಿಲ್ಲದ ಕೊಂಬೆಯ ಮೇಲೆ ಹೂವು ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಬೇವು, ಮುತ್ತುಗಗಳಂತಹವುಗಳ ಬೀಜ ಬಲಿತು ಬೀಳುವ ಹೊತ್ತಿಗೆ ಮುಂಗಾರು ನೆಲವನ್ನು ಹದಗೊಳಿಸಿರುತ್ತದೆ. ಮರಕ್ಕೆ ಮುಂದಾಲೋಚನೆಯುಂಟೆಂದು ನಾವು ಹೇಳುತ್ತಿಲ್ಲ; ಬೇರೆ ಹೊತ್ತಿನಲ್ಲಿ ಹೂ ಬಿಟ್ಟವುಗಳ ಸಂತತಿ ಅಷ್ಟಾಗಿ ಉಳಿಯಲಿಲ್ಲವೆಂದರೆ ಸಾಕು.

ನೀರಿನ ಬಡತನ ಹೂವಿಗೆ ಅಡ್ಡಿಯಲ್ಲ, ಕೆಲವು ಗಿಡಗಳಿಗೆ ಅದು ಅಗತ್ಯವೇ ಆಗಿದೆ ಎಂಬುದಕ್ಕೆ ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಗಿಂತ ಉತ್ತಮ ಸಾಕ್ಷಿ ಬೇಕಿಲ್ಲ. ಕಾಫಿಯ ಮೊಗ್ಗು ಚಳಿಗಾಲದ ಕೊನೆಗೆ ಸ್ವಲ್ಪ ದೊಡ್ಡದಾಗಿ ಅಲ್ಲಿಯೇ ನಿಂತುಬಿಡುತ್ತದೆ. ಫೆಬ್ರವರಿ ಏಪ್ರಿಲ್‌ಗಳ ನಡುವೆ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾಗುವಷ್ಟರಲ್ಲಿ ಇಡೀ ತೋಟ ಒಮ್ಮೆಗೇ ಬೆಳ್ಳಗೆ ಅರಳಿ ನಿಲ್ಲುತ್ತದೆ. ಮಳೆಯೇ ಕಾರಣವೆಂದು ಯಾರಾದರೂ ಹೇಳಿಯಾರು. ಆದರೆ ಬ್ರೆಜಿಲ್ ದೇಶದ ಆಲ್ವಿಮ್ ಎಂಬ ಶಾಸ್ತ್ರಜ್ಞರು 1960ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿಕೊಟ್ಟರು. ಬಿಡದೆ ನೀರು ಉಣಿಸುತ್ತ ಬಂದ ಕಾಫಿಗಿಡಗಳ ಮೊಗ್ಗು ಅರಳದೆ ಮಲಗಿಯೇ ಇತ್ತು. ಕೆಲವು ವಾರ ಒಣಗಿಸಿ ಆಮೇಲೆ ನೀರು ಕೊಟ್ಟ ಗಿಡಗಳು ಮಾತ್ರ ಅರಳಿದವು. ಬಾಯಾರಿಕೆಯೂ ಬೇಕು, ಅನಂತರ ನೀರೂ ಬೇಕು. ಎರಡರಲ್ಲಿ ಒಂದಿದ್ದರೆ ಸಾಲದು. ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ನೆನಪಿನಲ್ಲಿಟ್ಟುಕೊಳ್ಳದೆ ಕೆಟ್ಟೆವು.

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಮೂವತ್ತಡಿ ಅಗಲದ ಹಿತ್ತಿಲು ಒಂದೇ ಜಾಗವೆಂದು ತಿಳಿಯುವುದು ತಪ್ಪು. ಅದರ ಒಂದೊಂದು ಮೂಲೆಗೂ ಒಂದೊಂದು ಹವಾಮಾನವುಂಟು. ಪಡುವಣ ಗೋಡೆಯ ಮೂಲೆಯನ್ನು ತೆಗೆದುಕೊಳ್ಳಿ. ಮಧ್ಯಾಹ್ನದ ಬಿಸಿಲನ್ನು ಕುಡಿದ ಇಟ್ಟಿಗೆಯ ಗೋಡೆ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಶಾಖವನ್ನು ಸೂಸುತ್ತಿರುತ್ತದೆ. ಕೈಯನ್ನು ಮುಟ್ಟಿಸದೆ ಹತ್ತಿರ ಹಿಡಿದರೂ ಅದು ಗೊತ್ತಾಗುತ್ತದೆ. ಅಲ್ಲಿ ಕಣಗಿಲೆ, ಕಾಗದದ ಹೂವು ಬದುಕುತ್ತವೆ. ಎಳೆಯ ಗುಲಾಬಿ ಬಾಡುತ್ತದೆ. ಬಚ್ಚಲ ಹಿಂದಿನ ಮೂಲೆ ಇದಕ್ಕೆ ತೀರ ವಿರುದ್ಧವಾದುದು. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು 24 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಚದರ ಮೀಟರು ನೆಲದ ಮೇಲೆ ನಲವತ್ತು ನಿಮಿಷ ಬೀಳುವ ನಡುಹಗಲಿನ ಬಿಸಿಲಿನಷ್ಟು ಇದು. ಒದ್ದೆ ನೆಲ ಈ ಶಾಖವನ್ನೆಲ್ಲ ನುಂಗಿ ತಂಪಾಗಿಯೇ ಉಳಿಯುತ್ತದೆ. ನಮ್ಮ ಹಿರಿಯರು ಬಾಳೆ, ಕೆಸು, ಅರಿಸಿನಗಳನ್ನು ಅಲ್ಲಿಯೇ ನೆಟ್ಟದ್ದು ಜೂಲ್ ಲೆಕ್ಕ ತಿಳಿದಲ್ಲ. ಆದರೆ ಲೆಕ್ಕ ತಪ್ಪಿರಲಿಲ್ಲ. ಮತ್ತೊಂದು, ಮೆಟ್ಟಿಲ ಕೆಳಗಿನ ಒಣ ಮೂಲೆ. ವರ್ಷದ ಬಹುಭಾಗ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಏಪ್ರಿಲ್ ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಬರಿಯ ನೆಲದಿಂದ ಒಂದು ದಪ್ಪ ದಂಟು ಎದ್ದು, ಅದರ ತುದಿಯಲ್ಲಿ ಹತ್ತಾರು ಕೆಂಪು ಹೂಗಳ ಒಂದು ಚೆಂಡು ಅರಳುತ್ತದೆ. ಆಫ್ರಿಕದಿಂದ ಬಂದ ಈ ಲಿಲಿಯ ಗೆಡ್ಡೆ ಎಲೆಯೂ ಇಲ್ಲದೆ ಮಣ್ಣಿನೊಳಗೆ ತಿಂಗಳುಗಟ್ಟಲೆ ನಿದ್ರಿಸಿರುತ್ತದೆ. ಮನೆಯ ಮಕ್ಕಳಿಗೆಲ್ಲ ಪ್ರಿಯವಾದ ಮೂಲೆ ಅದು; ಯಾರು ಮೊದಲು ದಂಟನ್ನು ಕಂಡರೆಂಬುದು ಪ್ರತಿವರ್ಷದ ವ್ಯಾಜ್ಯ.

ನಮಗೆ ಪ್ರಿಯವಾದುದು ತೆಂಕಣ ಬೇಲಿಯ ಬಳಿಯ ಮಲ್ಲಿಗೆಯ ಮೂಲೆ. ಅಲ್ಲಿಯ ಗಿಡವನ್ನು ನಮ್ಮ ತಾಯಿಯವರು ತಮ್ಮ ತೌರುಮನೆಯಿಂದ ಒಂದು ಕಡ್ಡಿಯಾಗಿ ತಂದು ನೆಟ್ಟಿದ್ದರು. ಮಾರ್ಚ್‌ನಿಂದ ಜೂನ್‌ವರೆಗೆ ದಿನವೂ ಸಂಜೆ ಅದರ ಮೊಗ್ಗನ್ನು ಬಿಡಿಸಿ, ನೆನೆದ ಬಾಳೆಯ ನಾರಿನಲ್ಲಿ ಕಟ್ಟುವುದು ಮನೆಯ ವಾಡಿಕೆಯಾಗಿತ್ತು. ತಾಯಿಯವರು ತೀರಿಕೊಂಡ ಮರುವರ್ಷ ಹೂವು ಕಡಮೆಯಾಯಿತು. ಅದರ ಮುಂದಿನ ವರ್ಷ ಬೆರಳಲ್ಲೆಣಿಸುವಷ್ಟು. ಮೂರನೆಯ ವರ್ಷ ಗಿಡ ಆಳೆತ್ತರ ಬೆಳೆದು, ಕಡು ಹಸುರಾಗಿ, ಎಲೆಯ ರಾಶಿಯಾಗಿ ನಿಂತಿತು. ಮೊಗ್ಗು ಮಾತ್ರ ಇಲ್ಲ. ತಾಯಿಯವರ ಜೊತೆಯಲ್ಲಿ ಹೂವೂ ಹೋಯಿತೆಂದು ನಮ್ಮ ತಂಗಿ ಕಣ್ಣೀರಿಟ್ಟಳು. ನಾವು ಶಾಸ್ತ್ರ ಓದಿದವರಲ್ಲವೆ? ಕಾರಣವನ್ನು ಹುಡುಕಿದೆವು, ಹುಡುಕಲು ಹೆಚ್ಚು ದೂರ ಹೋಗಬೇಕಾಗಿಯೂ ಇರಲಿಲ್ಲ. ಅದೇ ಮೂರು ವರ್ಷಗಳಲ್ಲಿ ತೆಂಕಣ ನಿವೇಶನದಲ್ಲಿ ಮೂರು ಅಂತಸ್ತಿನ ಮನೆಯೊಂದು ಎದ್ದಿತ್ತು. ಡಿಸೆಂಬರ್ ತಿಂಗಳಲ್ಲಿ ಅದರ ನೆರಳು ಮಲ್ಲಿಗೆಯನ್ನು ಪೂರ್ತಿಯಾಗಿ ಮುಚ್ಚಿತ್ತು. ಸಿಟ್ಟಿನ ಭರದಲ್ಲಿ ಒಂದು ದೂರಿನ ಪತ್ರವನ್ನೂ ಬರೆದೆವು. ನೆರೆಯವರನ್ನು ಬೀದಿಯಲ್ಲಿ ಕಂಡರೂ ಮುಖ ತಿರುಗಿಸುವುದು ಮೊದಲಾಯಿತು.

ಪತ್ರದಲ್ಲಿ ಅಂಕಿ ಅಂಶಗಳಿದ್ದರೆ ತೂಕ ಹೆಚ್ಚೆಂದು, ಸಂಕ್ರಾಂತಿಯ ದಿನ ನೆರಳನ್ನು ಅಳೆಯಲು ಹೊರಟೆವು. ಈ ಅಳತೆಯನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದು. ಮಾಡಬೇಕೆಂದು ನಮ್ಮ ಕೋರಿಕೆ. ಮೊದಲು ನಿಜವಾದ ನಡುಹಗಲು ಯಾವಾಗ ಎಂಬುದನ್ನು ತಿಳಿಯಬೇಕು. ನಮ್ಮ ಗಡಿಯಾರಗಳು 82.5 ರೇಖಾಂಶವನ್ನು ಅನುಸರಿಸುತ್ತವೆ. ಮೈಸೂರು ಅದಕ್ಕಿಂತ ಸುಮಾರು ಆರು ಅಂಶ ಪಶ್ಚಿಮಕ್ಕಿದೆ. ಆದುದರಿಂದ ಸೂರ್ಯ ಇಲ್ಲಿ ಇಪ್ಪತ್ತಮೂರು ನಿಮಿಷ ತಡ. ಜನವರಿಯ ನಡುವೆ ಭೂಮಿಯ ಚಲನೆಯ ಕಾರಣದಿಂದ ಇನ್ನೊಂದು ಒಂಬತ್ತು ನಿಮಿಷ ಸೇರುತ್ತದೆ. ಹೀಗೆ ಅಂದಿನ ನಡುಹಗಲು ಹನ್ನೆರಡು ಗಂಟೆ ಮೂವತ್ತೆರಡು ನಿಮಿಷಕ್ಕೆ. ಆ ಹೊತ್ತಿನಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಮೀಟರು ಕೋಲಿನ ನೆರಳು 67 ಸೆಂಟಿಮೀಟರು ಇತ್ತು. ನೆರೆಮನೆಯ ನೆರಳು ಗೋಡೆಯ ಬುಡದಿಂದ 6.7 ಮೀಟರು. ಗೋಡೆಯ ಎತ್ತರ ಹತ್ತು ಮೀಟರೆಂದು ಒಡನೆಯೇ ತಿಳಿಯಿತು. ನಮ್ಮ ಗಿಡವಿದ್ದುದು ಆ ಗೋಡೆಯಿಂದ ನಾಲ್ಕು ಮೀಟರು ದೂರದಲ್ಲಿ. ಅಪರಾಧ ಸಿದ್ಧವಾಯಿತೆಂದು ತೋರಿತು.

ಆದರೆ ಅಳತೆ ಕೈಗೆ ಬಂದ ಮೇಲೆ ಮುಂದಿನ ಲೆಕ್ಕವನ್ನು ಮಾಡದಿರುವುದು ಹೇಗೆ? ನಡುಹಗಲಿನಲ್ಲಿ ಸೂರ್ಯ ನೆತ್ತಿಯಿಂದ ಎಷ್ಟು ಅಂಶ ತೆಂಕಣಕ್ಕೆ ಸರಿದಿದ್ದಾನೆಯೋ ಆ ಕೋನದ ಟ್ಯಾಂಜೆಂಟಿನಿಂದ ಗೋಡೆಯ ಎತ್ತರವನ್ನು ಗುಣಿಸಿದರೆ ನೆರಳಿನ ಉದ್ದ ಸಿಕ್ಕುತ್ತದೆ. ಡಿಸೆಂಬರ್ 22ರಂದು ಸೂರ್ಯನ ಕ್ರಾಂತಿ ದಕ್ಷಿಣಕ್ಕೆ 23.4 ಅಂಶ, ಇದಕ್ಕೆ ಮೈಸೂರಿನ 12.3ನ್ನು ಕೂಡಿಸಿದರೆ 35.7 ಅಂಶ, ನೆರಳು 7.2 ಮೀಟರು. ಮಾರ್ಚ್ 21ರಂದು ಕೋನ 12.3 ಅಂಶ ಮಾತ್ರ; ನೆರಳು 2.2 ಮೀಟರು. ಏಪ್ರಿಲ್ 22ರ ಸುಮಾರಿಗೆ ಸೂರ್ಯ ಮೈಸೂರಿನ ನೆತ್ತಿಯ ಮೇಲೆಯೇ ಬರುತ್ತಾನೆ. ಅಂದು ನಡುಹಗಲಿನಲ್ಲಿ ಕೋಲಿಗೂ ನೆರಳಿಲ್ಲ, ಮೂರು ಅಂತಸ್ತಿನ ಮನೆಗೂ ನೆರಳಿಲ್ಲ. ಅಲ್ಲಿಂದ ಆಗಸ್ಟ್ 20ರ ವರೆಗೆ ನಡುಹಗಲಿನ ಸೂರ್ಯ ನಮ್ಮ ಬಡಗಣಕ್ಕಿರುತ್ತಾನೆ. ಅಷ್ಟು ಕಾಲ ಆ ಹೊತ್ತಿನಲ್ಲಿ ನೆರೆಮನೆಯ ನೆರಳು ನಮ್ಮ ಕಡೆಗೆ ಬೀಳುವುದೇ ಅಸಾಧ್ಯ. ನೆರಳಿನ ಅಂಚು ನಾಲ್ಕು ಮೀಟರಿಗೆ ಹಿಂದೆಗೆಯುವ ದಿನವನ್ನು ಕಂಡುಹಿಡಿದೆವು: ಫೆಬ್ರವರಿ 24. ಅದು ತಿರುಗಿ ಗಿಡದ ಬುಡಕ್ಕೆ ಬರುವುದು ಅಕ್ಟೋಬರ್ 18ರಂದು. ಎಂದರೆ, ಮಲ್ಲಿಗೆ ಹೂ ಬಿಡಬೇಕಾದ ನಾಲ್ಕು ತಿಂಗಳುಗಳೂ ಗಿಡ ನಡುಹಗಲಿನ ಬಿಸಿಲಿನಲ್ಲಿಯೇ ಇರುತ್ತದೆ. ಚಳಿಗಾಲದಲ್ಲಿಯೂ ಬೆಳಗಿನ ಎಳೆಬಿಸಿಲು ಪೂರ್ವದ ಬಯಲಿನಿಂದ ಬರುತ್ತಲೇ ಇತ್ತು.

ಫೆಬ್ರವರಿ 24ರಂದು ಕೈಯಲ್ಲಿ ಗಡಿಯಾರ ಹಿಡಿದು ಹಿತ್ತಿಲಿನಲ್ಲಿ ನಿಂತೆವು. ನೆರಳಿನ ಗೆರೆ ಗಿಡದ ಬುಡದ ಕಲ್ಲಿನ ಮೇಲೆಯೇ ಬಿದ್ದಿತ್ತು. ಲೆಕ್ಕ ಸರಿಯಾದಾಗ ಆಗುವ ಸಂತೋಷ ಅಂದು ನಮಗೆ ಅರ್ಧದಷ್ಟೇ ಆಯಿತು. ಏಕೆಂದರೆ ಆ ಗೆರೆ ದಿನದಿನಕ್ಕೆ ತೆಂಕಣಕ್ಕೆ ಸರಿದಂತೆಲ್ಲ ನಮ್ಮ ದೂರಿನ ಪತ್ರ ಹಗುರವಾಗುತ್ತ ಹೋಯಿತು. ಮಾರ್ಚ್ ಕಳೆಯಿತು, ಏಪ್ರಿಲ್ ಬಂದಿತು. ಗಿಡದ ಮೇಲೆ ಧಾರಾಳವಾಗಿ ಬಿಸಿಲು, ಮೊಗ್ಗಿಲ್ಲ.

ಗಂಟನ್ನು ಬಿಡಿಸಿದವರು ದಿನವೂ ಬಾಗಿಲಿಗೆ ಹೂ ತರುವ ಮುದುಕಿ. ಕುಡಿಯುವ ನೀರು ಬೇಕೆಂದು ಒಂದು ದಿನ ಹಿತ್ತಿಲಿಗೆ ಬಂದವರು ಗಿಡವನ್ನು ಕಂಡು ನಕ್ಕುಬಿಟ್ಟರು. “ಏನ್ ಮೇಷ್ಟ್ರೇ, ಮಲ್ಲಿಗೇನ ಗದ್ದೇಲಿ ನೆಟ್ಟಂಗೆ ನೆಟ್ಟಿದ್ದೀರಲ್ಲ! ಹೊಟ್ಟೆ ತುಂಬಿದೋರು ದುಡೀತಾರಾ? ಅಮ್ಮಾವ್ರು ಇದ್ದಾಗ ವರ್ಷವರ್ಷ ಕತ್ತರಿಸೋರು, ನಾನೇ ಕಂಡಿವ್ನಿ.”

“ಕತ್ತರಿಸಿದರೆ ಗಿಡ ಸಾಯುವುದಿಲ್ಲವೇ ಅಜ್ಜಿ?” ಎಂದು ಕೇಳಿದೆವು.

“ಕತ್ತರಿಸ್ದೆ ಇದ್ರೇ ಸಾಯೋದು,” ಎಂದು ಅವರು ಚೊಂಬನ್ನು ಕೆಳಗಿಟ್ಟು ಹೊರಟುಹೋದರು.

ಆಗ ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದಿತು. ಕಾರ್ತಿಕ ಮಾಸ ಮುಗಿದ ಮೇಲೆ, ನವೆಂಬರ್ ಕೊನೆಯ ಹೊತ್ತಿಗೆ, ತಾಯಿಯವರು ಎರಡು ವಾರ ಆ ಗಿಡಕ್ಕೆ ನೀರು ಹಾಕುತ್ತಿರಲಿಲ್ಲ. ಅನಂತರ ಕತ್ತರಿ ತೆಗೆದುಕೊಂಡು ಮೊಣಕಾಲೆತ್ತರಕ್ಕೆ ಸವರಿಬಿಡುತ್ತಿದ್ದರು. ಬುಡದ ಮಣ್ಣನ್ನು ಬಿಡಿಸಿ ಕೆಲವು ದಿನ ಬಿಸಿಲಿಗೆ ಒಡ್ಡಿ, ಕೊಟ್ಟಿಗೆಯ ಗೊಬ್ಬರ ಹಾಕಿ, ಆಮೇಲೆ ನೀರು. ಹುಡುಗರಾಗಿದ್ದ ನಮಗೆ ಅದು ಕ್ರೌರ್ಯವಾಗಿ ತೋರುತ್ತಿತ್ತು. ಅವರು ಹೋದ ಮೇಲೆ ಅವರ ಗಿಡಕ್ಕೆ ಕತ್ತರಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ. ಬಾಡಬಾರದೆಂಬ ಮಮತೆಯಿಂದ ಬಟ್ಟೆ ಒಗೆಯುವ ಕಲ್ಲಿನ ನೀರು ಹೋಗುವ ಕೊಳವೆಯ ಬಾಯನ್ನು ಅದರ ಬುಡಕ್ಕೇ ತಿರುಗಿಸಿದ್ದೆವು. ವರ್ಷದ ಮುನ್ನೂರ ಅರವತ್ತೈದು ದಿನವೂ ಅದಕ್ಕೆ ನೀರು!

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ರೆಂಬೆಗಳು ಎಲೆಯನ್ನು ಹೊತ್ತು ನಿಲ್ಲುತ್ತವೆಯೇ ಹೊರತು ಮೊಗ್ಗನ್ನು ಕೊಡುವುದು ಕಡಮೆ. ರೆಂಬೆಯ ತುದಿಯ ಕುಡಿ ತನ್ನ ಕೆಳಗಿನ ಪಕ್ಕದ ಮೊಗ್ಗುಗಳನ್ನು ತಡೆದು ನಿಲ್ಲಿಸಿರುತ್ತದೆ. ಇದಕ್ಕೆ ಅಗ್ರಪ್ರಾಬಲ್ಯವೆಂದು ಹೆಸರು. ಕುಡಿಯಲ್ಲಿ ತಯಾರಾಗಿ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ಚೋದಕವೇ ಈ ತಡೆಗೆ ಕಾರಣವೆಂದು ತಿಮನ್ ಮತ್ತು ಸ್ಕೂಗ್ ಎಂಬವರು 1930ರ ದಶಕದಲ್ಲಿ ತೋರಿಸಿದರು. ಕುಡಿಯನ್ನು ಚಿವುಟಿದ ಗಾಯಕ್ಕೆ ಆಕ್ಸಿನ್ ಹಚ್ಚಿದರೆ ಪಕ್ಕದ ಮೊಗ್ಗುಗಳು ಮಲಗಿಯೇ ಇರುತ್ತಿದ್ದವು. 2014ರಲ್ಲಿ ಬಟಾಣಿಯ ಗಿಡದ ಮೇಲೆ ನಡೆದ ಪ್ರಯೋಗವೊಂದು ಈ ಕಥೆಗೆ ಇನ್ನೊಂದು ಅಧ್ಯಾಯವನ್ನು ಸೇರಿಸಿದೆ: ಬೆಳೆಯುವ ಕುಡಿ ಸಕ್ಕರೆಯನ್ನೆಲ್ಲ ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ ಪಕ್ಕದ ಮೊಗ್ಗುಗಳು ಹಸಿದಿರುತ್ತವೆ, ಕುಡಿ ಹೋದೊಡನೆ ಆ ಸಕ್ಕರೆ ಅವುಗಳಿಗೆ ಹರಿದು ಅವು ಮೊದಲು ಎಚ್ಚರಗೊಳ್ಳುತ್ತವೆ. ತಾಯಿಯವರ ಕತ್ತರಿ ಮಾಡುತ್ತಿದ್ದುದು ಇದನ್ನೇ: ಒಂದು ತುದಿಯನ್ನು ತೆಗೆದು ಹತ್ತು ತುದಿಗಳಿಗೆ ದಾರಿ ಮಾಡುವುದು.

ನೀರಿನ ಮಾತು ಭೌತಶಾಸ್ತ್ರಕ್ಕೆ ಇನ್ನೂ ಹತ್ತಿರದ್ದು. ಬೇರಿಗೂ ಉಸಿರಾಟವುಂಟು, ಅದಕ್ಕೆ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯ ಮೂಲಕ ಆಮ್ಲಜನಕ ವಿಸರಣಗೊಂಡು ಕೆಳಗಿಳಿಯುತ್ತದೆ. ಆ ಸಂದುಗಳಲ್ಲಿ ನೀರು ತುಂಬಿದರೆ ವಿಸರಣದ ವೇಗ ಸುಮಾರು ಹತ್ತು ಸಾವಿರ ಪಾಲು ತಗ್ಗುತ್ತದೆ. ಸದಾ ಕೆಸರಾಗಿರುವ ನೆಲದಲ್ಲಿ ಬೇರು ನೀರಿನ ನಡುವೆಯೇ ಉಸಿರುಕಟ್ಟುವುದು ಇದರಿಂದ. ಮೇಲೆ ನಿಂತು ನೋಡುವವರಿಗೆ ಗಿಡ ಹಸುರಾಗಿಯೇ ಕಾಣುತ್ತಿರುತ್ತದೆ.

ಆ ವರ್ಷದ ನವೆಂಬರಿನಲ್ಲಿ ಕೊಳವೆಯನ್ನು ಬಾಳೆಯ ಕಡೆಗೆ ತಿರುಗಿಸಿದೆವು. ಎರಡು ವಾರದ ತರುವಾಯ ಕತ್ತರಿಯೊಡನೆ ಗಿಡದ ಮುಂದೆ ನಿಂತಾಗ ಕೈ ನಡುಗಿತೆಂಬುದನ್ನು ಮುಚ್ಚಿಡುವುದಿಲ್ಲ. ಗಿಡ ಮತ್ತೆ ಚಿಗುರದಿದ್ದರೆ ತಾಯಿಯವರು ನೆಟ್ಟದ್ದೆಂದು ತೋರಿಸಲು ಮನೆಯಲ್ಲಿ ಮತ್ತೇನೂ ಉಳಿಯುತ್ತಿರಲಿಲ್ಲ. ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆಯಲ್ಲಿ ಆಳೆತ್ತರದ ಹಸುರು ಹೋಗಿ ಕಡ್ಡಿಗಳ ಒಂದು ಗೊಂಚಲು ಉಳಿಯಿತು. ಮೂರು ವಾರ ಅದು ಹಾಗೆಯೇ ಇತ್ತು. ದಿನಕ್ಕೆರಡು ಬಾರಿ ಹೋಗಿ ನೋಡಿ ಬರುತ್ತಿದ್ದೆವು. ನಾಲ್ಕನೆಯ ವಾರ ಗೆಣ್ಣುಗಳಲ್ಲಿ ಸಾಸಿವೆಯಷ್ಟು ಹಸುರು ಕಂಡಿತು.

ಮಾರ್ಚ್ ನಡುವೆ, ಒಂದು ರಾತ್ರಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದಾಗ ಕಿಟಕಿಯಿಂದ ಪರಿಚಿತವಾದ ಕಂಪು ಬಂದಿತು. ಅಂದಿನ ಹೂಗಳು ಒಂಬತ್ತು.

ಈ ಕಂಪಿನ ವಿಷಯವಾಗಿಯೂ ಒಂದು ಮಾತು. ಮಲ್ಲಿಗೆಯ ಮೊಗ್ಗು ಬಿರಿಯುವುದು ಸಂಜೆಗತ್ತಲಿನಲ್ಲಿ. ಲಿನಲೂಲ್, ಬೆಂಜೈಲ್ ಅಸಿಟೇಟ್ ಮುಂತಾದ ಬೇಗ ಆವಿಯಾಗುವ ವಸ್ತುಗಳು ಅದರ ದಳಗಳಿಂದ ಹೊರಬೀಳುತ್ತವೆ. ತರಗತಿಯಲ್ಲಿ ವಿಸರಣಕ್ಕೆ ಉದಾಹರಣೆ ಕೇಳಿದರೆ ವಿದ್ಯಾರ್ಥಿಗಳು ಹೂವಿನ ವಾಸನೆಯನ್ನೇ ಹೇಳುತ್ತಾರೆ. ನಾವೂ ಬಹುಕಾಲ ಅದನ್ನೇ ಹೇಳಿಕೊಡುತ್ತಿದ್ದೆವು. ಲೆಕ್ಕ ಮಾಡಿದರೆ ನಗು ಬರುತ್ತದೆ. ಗಾಳಿಯಲ್ಲಿ ಇಂತಹ ಅಣುಗಳ ವಿಸರಣಾಂಕ ಸೆಕೆಂಡಿಗೆ 0.1 ಚದರ ಸೆಂಟಿಮೀಟರನ್ನು ಮೀರುವುದಿಲ್ಲ. ಬರಿಯ ವಿಸರಣದಿಂದಲೇ ಒಂದು ಮೀಟರು ದೂರ ಹರಡಬೇಕಾದರೆ ಹದಿನಾಲ್ಕು ಗಂಟೆಗಳಾದರೂ ಬೇಕು! ದೂರ ಇಮ್ಮಡಿಯಾದರೆ ಕಾಲ ನಾಲ್ಕು ಮಡಿಯಾಗುತ್ತದೆ. ಹಿತ್ತಿಲಿನಿಂದ ನಮ್ಮ ಮೇಜಿಗೆ ಏಳೆಂಟು ಮೀಟರು. ಕಂಪನ್ನು ಹೊತ್ತು ತರುವುದು ಗಾಳಿಯ ಮೆಲ್ಲನೆಯ ಚಲನೆ. ಆದರೆ ಗಾಳಿ ಜೋರಾಗಿದ್ದರೂ ಕೆಲಸ ಕೆಡುತ್ತದೆ. ಕಂಪು ತೆಳುವಾಗಿ ಹಾರಿಹೋಗುತ್ತದೆ. ಹಗಲಿನಲ್ಲಿ ಕಾದ ನೆಲದಿಂದ ಗಾಳಿ ಮೇಲೇರಿ ಎಲ್ಲವನ್ನೂ ಕಲಸಿಬಿಡುತ್ತದೆ. ಇರುಳಿನಲ್ಲಿ ನೆಲ ಶಾಖವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತದೆ, ಅದನ್ನು ತಗುಲಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಉಳಿಯುತ್ತದೆ. ತಣ್ಣನೆಯದು ಕೆಳಗೆ, ಬೆಚ್ಚನೆಯದು ಮೇಲೆ ಎಂಬ ಈ ಏರ್ಪಾಡಿನಲ್ಲಿ ಗಾಳಿ ಕದಡುವುದಿಲ್ಲ; ಹೂವು ಬಿಟ್ಟ ಕಂಪು ಹಿತ್ತಿಲಿನಲ್ಲಿಯೇ ತೆಳ್ಳನೆಯ ಕೆರೆಯಂತೆ ನಿಲ್ಲುತ್ತದೆ. ಎರಡು ಕಡೆ ಗೋಡೆಯಿರುವ ಮೂಲೆಯಲ್ಲಿ ಅದು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಎಂದರೆ, ನಾವು ದೂರು ಬರೆದ ಆ ಎತ್ತರದ ಗೋಡೆಯೇ ಈಗ ಕಂಪನ್ನು ನಮಗಾಗಿ ತಡೆದು ನಿಲ್ಲಿಸುತ್ತಿದ್ದಿರಬಹುದು.

ಏಪ್ರಿಲ್ ತಿಂಗಳಲ್ಲಿ ದಿನಕ್ಕೊಂದು ಬೊಗಸೆ ಮೊಗ್ಗು ಸಿಕ್ಕಿತು. ತಂಗಿ ಕಟ್ಟಿದ ಮೊದಲ ದಂಡೆಯನ್ನು ತಾಯಿಯವರ ಪಟಕ್ಕೆ ಹಾಕಿದಳು. ಎರಡನೆಯದನ್ನು ಬೇಲಿಯ ಮೇಲಿನಿಂದ ನೆರೆಮನೆಯ ಹಿರಿಯಾಕೆಗೆ ಕೊಟ್ಟಳು. ಆಕೆ ಮರುದಿನ ಹಲಸಿನ ಹಪ್ಪಳ ಕಳುಹಿಸಿದರು. ದೂರಿನ ಪತ್ರ ಇನ್ನೂ ನಮ್ಮ ಲಾಗರಿತಮ್ ಕೋಷ್ಟಕದ ಪುಸ್ತಕದೊಳಗೆ ಮಡಿಸಿಕೊಂಡಿದೆ. ಅದರ ಬೆನ್ನಿಗೆ ನೆರಳಿನ ಲೆಕ್ಕವಿರುವುದರಿಂದ ಹರಿದು ಹಾಕಿಲ್ಲ.

ಇಷ್ಟಾದರೂ ನಮ್ಮ ಪ್ರಯೋಗ ಒಳ್ಳೆಯ ಪ್ರಯೋಗವಲ್ಲ. ನೀರು ನಿಲ್ಲಿಸಿದೆವು, ಕತ್ತರಿಸಿದೆವು, ಗೊಬ್ಬರವನ್ನೂ ಹಾಕಿದೆವು; ಮೂರನ್ನೂ ಒಟ್ಟಿಗೆ ಮಾಡಿದ ಮೇಲೆ ಯಾವುದರಿಂದ ಎಷ್ಟು ಫಲವೆಂದು ಹೇಳುವುದು ಹೇಗೆ? ವಿದ್ಯಾರ್ಥಿಯೊಬ್ಬ ಇಂತಹ ವರದಿಯನ್ನು ತಂದಿದ್ದರೆ ನಾವೇ ಅಂಕ ಕಡಿಯುತ್ತಿದ್ದೆವು. ಗೋಡೆಯನ್ನು ಪೂರ್ತಿ ನಿರ್ದೋಷಿಯೆಂದು ಬಿಡುವಂತೆಯೂ ಇಲ್ಲ. ಹೊಸ ಚಿಗುರು ಬೆಳೆಯುವ ಡಿಸೆಂಬರ್ ಜನವರಿಗಳಲ್ಲಿ ನಡುಹಗಲಿನ ಬಿಸಿಲು ತಪ್ಪುವುದರಿಂದ ಹೂವು ಒಂದೆರಡು ವಾರ ತಡವಾಗುತ್ತಿರಬಹುದು. ಆದಕಾರಣ ಜುಲೈ ಮಳೆಯಲ್ಲಿ ಅದೇ ಗಿಡದ ನಾಲ್ಕು ಕಡ್ಡಿಗಳನ್ನು ನಾಲ್ಕು ಕುಂಡಗಳಲ್ಲಿ ನೆಟ್ಟಿದ್ದೇವೆ. ಒಂದನ್ನು ಕತ್ತರಿಸಿ ಒಣಗಿಸುವುದು, ಒಂದನ್ನು ಕತ್ತರಿಸಿ ನೀರು ಹಾಕುತ್ತಲೇ ಇರುವುದು, ಒಂದನ್ನು ಕತ್ತರಿಸದೆ ಒಣಗಿಸುವುದು, ಇನ್ನೊಂದನ್ನು ಅದರ ಪಾಡಿಗೆ ಬಿಡುವುದು. ಮಣ್ಣು, ಗೊಬ್ಬರ, ಬಿಸಿಲು ನಾಲ್ಕಕ್ಕೂ ಒಂದೇ. ಹಿತ್ತಿಲುಳ್ಳ ವಾಚಕರು, ಹಿತ್ತಿಲಿಲ್ಲದಿದ್ದರೆ ತಾರಸಿಯುಳ್ಳವರು, ಇದನ್ನು ತಮ್ಮಲ್ಲಿಯೂ ಮಾಡಬಹುದು. ಎಳೆಯ ಗಿಡಕ್ಕೆ ಮೈ ಬಲಿಯಲು ಒಂದೆರಡು ವರ್ಷ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಈ ವರ್ಷ ಅಕ್ಟೋಬರ್ 18ರಂದು, ಹನ್ನೆರಡು ಗಂಟೆ ಒಂಬತ್ತು ನಿಮಿಷಕ್ಕೆ, ನೆರೆಮನೆಯ ನೆರಳು ಬುಡದ ಕಲ್ಲನ್ನು ತಿರುಗಿ ಮುಟ್ಟಿತು. ಕುಂಡಗಳನ್ನು ಎತ್ತಿ ಬಡಗಣ ಕಟ್ಟೆಯ ಮೇಲಿಟ್ಟೆವು.